ಹೊಗೆಗೂ ಚೌಕಾಶಿ

ನೀವು ಉಪ್ಪಿನಕಾಯಿ ಹಾಕಿ ಮಾರುವವರಿರಬಹುದು, ಚುರಮುರಿ ಹುರಿಯುವವರಿರಬಹುದು, ದೊಡ್ಡ ಬಿಸ್ಕೀಟ್ ಕಾರ್ಖಾನೆಯ ಮಾಲೀಕರೇ ಇರಬಹುದು. ನಿಮ್ಮ ಮಾಲು ತಯಾರಾಗುವಾಗ ಎಷ್ಟು ಹೊಗೆ ಏಳುತ್ತದೆ, ಊರಿಂದೂರಿಗೆ ಹೋಗುವಾಗ ಎಷ್ಟು ಏಳುತ್ತದೆ, ಅದನ್ನು ಇಳಿಸುವುದು ಹೇಗೆ ಎಂಬ ವಿಷಯದಲ್ಲಿ ಸಲಹೆ ಬೇಕಾದರೆ ಸಂಕೋಚ ಬಿಟ್ಟು ನನ್ನ ಹತ್ತಿರ ಬನ್ನಿ. ಇಡೀ ಬೈಲಹೊಂಗಲದಲ್ಲಿ ಈ ವಿಷಯದ ಅನುಭವ ನನಗಿದ್ದಷ್ಟು ಇನ್ನೊಬ್ಬರಿಗಿಲ್ಲ. ಅದು ಎಂಥ ಅನುಭವ ಎಂದು ನನ್ನ ಹೆಂಡತಿಯನ್ನು ಮಾತ್ರ ಕೇಳಬೇಡಿ.

ನಮ್ಮದು ಖಡಕ್ ರೊಟ್ಟಿಯ ಕಾರ್ಖಾನೆ. ಕಾರ್ಖಾನೆ ಎಂದರೆ ಮನೆಯ ಹಿತ್ತಲಲ್ಲಿ ತಗಡಿನ ಒಂದು ಚಪ್ಪರ, ಅದರ ಕೆಳಗೆ ಆರು ಒಲೆ, ಎಂಟು ಜನ ಹೆಣ್ಣುಮಕ್ಕಳು. ಅವರೆಲ್ಲರ ಮೇಲೆ ನನ್ನ ಹೆಂಡತಿ ಸುಮಂಗಲಾ. ಆಕೆಯ ಮೇಲೆ ನಾನು. ಕೊನೆಯ ವಾಕ್ಯ ಬೋರ್ಡಿನ ಮೇಲೆ ಮಾತ್ರ ಇದೆ.

ನಾನು ಸಾಲಹಳ್ಳಿಯಿಂದ ಹೆಗಲ ಮೇಲೆ ಒಂದು ಟವೆಲ್ ಹಾಕಿಕೊಂಡು ಈ ಊರಿಗೆ ಬಂದವನು. ಬೇರೆ ಬಂಡವಾಳ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ದನದ ಸಂತೆಯಲ್ಲಿ ದಲಾಲಿ ಮಾಡುವವನಿಗೆ ಟವೆಲ್ಲೇ ಅಂಗಡಿ. ಕೊಳ್ಳುವವನ ಕೈ ಹಿಡಿದುಕೊಂಡು ಎರಡೂ ಕೈ ಮೇಲೆ ಟವೆಲ್ ಹೊದಿಸುವುದು, ಒಳಗೆ ಬೆರಳು ಹಿಡಿದು ಬೆಲೆ ಹೇಳುವುದು. ಸುತ್ತ ಹತ್ತು ಜನ ನಿಂತಿದ್ದರೂ ಎಷ್ಟಕ್ಕೆ ಮುಗಿಯಿತು ಎಂಬುದು ಆ ಎರಡು ಕೈಗಳಿಗೆ ಬಿಟ್ಟು ಯಾರಿಗೂ ತಿಳಿಯುವುದಿಲ್ಲ. ಆ ಟವೆಲ್ಲಿನ ಕೆಳಗೆ ನಾನು ಕಲಿತ ವಿದ್ಯೆ ಒಂದೇ: ಇಳಿಸಬೇಕೆಂದರೆ ಮೊದಲು ಏರಿಸಬೇಕು. ಎತ್ತಿನ ಬೆಲೆ ಆಕಾಶಕ್ಕೆ ಹಚ್ಚಿದವನು ಮಾತ್ರ ಅದನ್ನು ದೊಡ್ಡ ಮನಸ್ಸು ಮಾಡಿ ನೆಲಕ್ಕೆ ಇಳಿಸಬಲ್ಲ. ಇದನ್ನು ನೆನಪಿಡಿ. ನನ್ನ ಸರ್ವನಾಶ ಇದರಿಂದಲೇ ಆಯಿತು.

ದನ ಬಿಟ್ಟು ರೊಟ್ಟಿಗೆ ಬಂದ ಮೇಲೂ ನನ್ನ ಚುರುಕು ಕಡಿಮೆಯಾಗಲಿಲ್ಲ. ನನ್ನದೊಂದು ಹಳೆಯ ಮೋಟಾರ್ ಸೈಕಲ್ ಇದೆ. ಅದು ಶುರುವಾದರೆ ಓಣಿಯ ಹೆಂಗಸರು ಒಣಹಾಕಿದ ಬಟ್ಟೆ ಒಳಗೆ ಒಯ್ಯುತ್ತಾರೆ. ಶೇಂಗಾ ರಾಮದುರ್ಗದಲ್ಲಿ ಒಂದು ರೂಪಾಯಿ ಸೋವಿ ಎಂದು ತಿಳಿದರೆ ಮುಂಜಾನೆಯೇ ರಾಮದುರ್ಗ. ಸವದತ್ತಿಯ ಬಸ್ಸಿಗೆ ರೊಟ್ಟಿಯ ಬುಟ್ಟಿ ಏರಿಸಿದ ಮೇಲೆ, ಬುಟ್ಟಿಯ ಮೇಲೆ ಯಾರಾದರೂ ಕೂತಾರೆಂದು ಬಸ್ಸಿನ ಬೆನ್ನು ಹತ್ತಿ ಸವದತ್ತಿ. ಸಂಜೆಗೆ ಕಿತ್ತೂರು. ಇದಕ್ಕೆ ವ್ಯಾಪಾರದಲ್ಲಿ ಮೇಲ್ವಿಚಾರಣೆ ಎನ್ನುತ್ತಾರೆ. ಮನೆಯಲ್ಲಿ ಬೇರೆ ಹೆಸರಿದೆ.

"ಒಂದ ರೂಪಾಯಿ ಉಳಸಾಕ ಅಷ್ಟ ದೂರ ಹೊಕ್ಕೀರಲ್ರೀ, ಎಣ್ಣಿ ಏನ್ ನಿಮ್ಮ ಮಾವ ಹಾಕತಾನೇನು?" ಎಂದು ಸುಮಂಗಲಾ ಕೇಳುವುದಿತ್ತು. ಹೆಂಗಸರಿಗೆ ವ್ಯಾಪಾರದ ಸೂಕ್ಷ್ಮ ಎಲ್ಲಿ ತಿಳಿಯಬೇಕು?

ಇರಲಿ. ಮದುವೆಯ ಕಾಲ ಮುಗಿದು ಮಳೆ ಹಿಡಿಯಿತೆಂದರೆ, ತೇವಕ್ಕೆ ಮೆತ್ತಗಾಗುವ ನಮ್ಮ ರೊಟ್ಟಿಯನ್ನು ಕೇಳುವವರಿರುವುದಿಲ್ಲ. ಒಲೆ ಆರುತ್ತದೆ. ಎಂಟರಲ್ಲಿ ಏಳು ಜನ ಹೊಲದಲ್ಲಿ ಕಳೆ ತೆಗೆಯಲು ಹೋಗುತ್ತಾರೆ. ಉಳಿದವಳು ಗಂಗವ್ವ. ಆಕೆಗೆ ಮೊಣಕಾಲು ಹೋಗಿದೆ, ಕುಕ್ಕರುಗಾಲಲ್ಲಿ ಕೂರಲಾಗುವುದಿಲ್ಲ. ಮಣೆ ಹಾಕಿಕೊಂಡು ಒಲೆ ಮುಂದೆ ಕಾಲು ಚಾಚಿ ಕೂತಳೆಂದರೆ ಮಾತ್ರ ಚಂದ್ರನಂಥ ರೊಟ್ಟಿ ಬಡಿಯುತ್ತಾಳೆ. ಮಳೆಗಾಲದ ಮೂರು ತಿಂಗಳು ಆಕೆ ಮಗಳ ಮನೆಗೆ ಹೋಗಿ ಅಳಿಯನ ಮುಖ ನೋಡುತ್ತ ಕೂರಬೇಕು.

ಅಂಥದರಲ್ಲಿ ಪುಣೆಯ ಒಂದು ದೊಡ್ಡ ಕಂಪನಿಯಿಂದ ಕಾಗದ ಬಂತು. ವರ್ಷವಿಡೀ ಖಡಕ್ ರೊಟ್ಟಿ ಬೇಕಂತೆ, ಮಳೆಗಾಲದಲ್ಲೂ! ಗಾಳಿಯಾಡದ ಚೀಲ ಅವರೇ ಕೊಡುತ್ತಾರಂತೆ. ಸುಮಂಗಲಾ ಕಾಗದ ಪೂರ್ತಿ ಕೇಳುವ ಮೊದಲೇ ಹಿತ್ತಲಿಗೆ ಓಡಿ ಹೇಳಿಯೂ ಬಿಟ್ಟಳು: "ಗಂಗವ್ವಾ, ಈ ವರ್ಷ ನಿನ್ನ ಒಲಿ ಆರೂದಿಲ್ಲ ನೋಡು. ಅಳಿಯನ ಮನಿಗೆ ಹೋಗೂದ ಬ್ಯಾಡ."

ಮಾತು ಕೊಟ್ಟಾಯಿತು. ಕಾಗದದ ಜೊತೆಗೆ ಒಂದು ಫಾರ್ಮು ಇತ್ತು.

ಫಾರ್ಮು ಇಂಗ್ಲಿಷಿನಲ್ಲಿತ್ತು. ಎದುರು ಮನೆಯ ಕುಲಕರ್ಣಿ ಮಾಸ್ತರು ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಕನ್ನಡಕ ಏರಿಸಿ ಓದಿ ಹೇಳಿದರು.

"ಮಲ್ಲಣ್ಣ, ಇಲ್ಲೆ ಎರಡು ಖಾನೆ ಅವ. ಎಡಗಡೆ, ಈಗ ನಿಮ್ಮ ಮಾಲು ಮಾಡ್ಲಿಕ್ಕೆ, ಸಾಗಿಸ್ಲಿಕ್ಕೆ ಎಷ್ಟು ಕಾರ್ಬನ್ ಬಿಡ್ತೀರಿ ಅನ್ನೋದು. ಬಲಗಡೆ, ಒಂದು ವರ್ಷದಾಗ ಅದನ್ನ ಎಷ್ಟಕ್ಕ ಇಳಸ್ತೀರಿ ಅನ್ನೋದು."

"ಕಾರ್ಬನ್ ಅಂದ್ರ ಹೊಗಿ ಹೌದಲ್ರಿ?"

"ಬರೇ ಕಣ್ಣಿಗೆ ಕಾಣೋದಲ್ಲ. ಡೀಸೆಲ್ಲು, ಪೆಟ್ರೋಲು, ಕರೆಂಟು, ಎಲ್ಲಾದರ ಪಾಪಾನೂ ಬರ್ತದ."

"ಜಾಸ್ತಿ ಇಳಿಸಿದಾವಂಗ ಆರ್ಡರೇನ್ರಿ?"

"ಹಂಗ ಬರದಾರ."

ನನ್ನ ಕೈ ತಾನಾಗಿಯೇ ಹೆಗಲ ಮೇಲಿನ ಟವೆಲ್ಲನ್ನು ಮುಟ್ಟಿತು. ಇಳಿಸುವುದು! ಇಷ್ಟು ದಿನ ಎಲ್ಲಿದ್ದೆ ತಾಯಿ!

ಸುಮಂಗಲಾ ಬಾಗಿಲಲ್ಲಿ ನಿಂತು, "ನಮ್ಮದು ಇದ್ದಂಗ ಬರೀರಿ, ಸಾಕು" ಎಂದಳು.

ಇದ್ದದ್ದು ಏನಿತ್ತು? ಹತ್ತಿ ಬಿಡಿಸಿಯಾದ ಮೇಲೆ ಹೊಲದಲ್ಲಿ ಸುಮ್ಮನೆ ಸುಟ್ಟುಬಿಡುವ ಹತ್ತಿಕಟ್ಟಿಗೆ, ಗೋವಿನಜೋಳದ ಕಾಳು ಉದುರಿಸಿದ ಬೆಂಡು. ಇವೇ ನಮ್ಮ ಉರುವಲು. ಸವದತ್ತಿಗೆ, ರಾಮದುರ್ಗಕ್ಕೆ ಬುಟ್ಟಿ ಸರಕಾರಿ ಬಸ್ಸಿನಲ್ಲಿ ಹೋಗುತ್ತವೆ. ಕಿತ್ತೂರಿನ ಕಡೆಯಿಂದ ಹಾಲು ತರುವ ಗಾಡಿ ಖಾಲಿ ತಿರುಗುವಾಗ ನಮ್ಮ ಬುಟ್ಟಿ ಇಟ್ಟುಕೊಂಡು ಹೋಗುತ್ತದೆ. ಇದನ್ನು ಬರೆದರೆ ಎಡಗಡೆಯ ಖಾನೆಯಲ್ಲಿ ಉಳಿಯುವುದೇನು? ಮಣ್ಣು! ಏನೂ ಇಲ್ಲದ್ದರಿಂದ ಏನನ್ನು ಇಳಿಸುವುದು? ಬಡಕಲು ಎತ್ತು ಹಿಡಿದುಕೊಂಡು ಸಂತೆಗೆ ಹೋದಂತೆ!

"ಬರೀರಿ ಮಾಸ್ತರ" ಎಂದೆ ಗಂಭೀರವಾಗಿ. "ಎಡಗಡೆ. ಡೀಸೆಲ್ ಭಟ್ಟಿ. ಮುಂಜಾನಿಂದ ಸಂಜೀ ತನಕ."

ಮಾಸ್ತರು ಪೆನ್ನು ಎತ್ತಿದರು. "ಎಲ್ಲೆ ಅದ ಭಟ್ಟಿ?"

"ನೀವು ಬರೀರಿ. ಟೆಂಪೋ. ಕಿತ್ತೂರಿಗೊಂದು, ಸವದತ್ತಿಗೊಂದು, ರಾಮದುರ್ಗಕ್ಕೊಂದು. ಹೋಗೂ ಮುಂದ ಅರ್ಧಾ ಲೋಡು, ಬರೂ ಮುಂದ ಖಾಲಿ."

"ಖಾಲಿ ಯಾಕ ಬರ್ತಾವೋ ಮಾರಾಯ?"

"ಖಾಲಿ ಬಂದ್ರ ಹೊಗಿ ಸುಮ್ನ ಹೋಕ್ಕೈತೆಲ್ರಿ! ಇನ್ನ ಬಲಗಡೆ ಬರೀರಿ. ಭಟ್ಟಿ ಬಂದ್. ಹತ್ತಿಕಟ್ಟಿಗಿ ಒಲಿ ಚಾಲೂ. ಟೆಂಪೋ ಬಂದ್. ಎತ್ತಿನ ಗಾಡಿ ಚಾಲೂ!"

ಎತ್ತಿನ ಗಾಡಿ ಆ ಗಳಿಗೆಯಲ್ಲಿ ನನಗೆ ಹೊಳೆದದ್ದು. ಕಲೆ ಎಂದರೆ ಹಾಗೆಯೇ, ಹೇಳಿ ಬರುವುದಿಲ್ಲ.

ಮಾಸ್ತರು ಬರೆದರು. ಕೊನೆಗೆ ಕನ್ನಡಕ ತೆಗೆದು, "ಮಲ್ಲಣ್ಣ, ಮೂವತ್ತು ವರ್ಷ ಸಾಲ್ಯಾಗ ಇಷ್ಟು ಛಂದ ಸುಳ್ಳು ಯಾವ ಹುಡುಗನೂ ಬರೀಲಿಲ್ಲ ನೋಡು" ಎಂದರು. ನಾನು ಅದನ್ನು ಮೆಚ್ಚುಗೆ ಎಂದೇ ತೆಗೆದುಕೊಂಡೆ.

ಎಂಟು ದಿನದಲ್ಲಿ ಫೋನು ಬಂತು. ಮೃಣಾಲ್ ಎಂಬ ಮೇಡಂ. ಕಂಪನಿಯಲ್ಲಿ ಇದೇ ಕಾರ್ಬನ್ನಿನ ಖಾತೆ ನೋಡುವವರು. ಹುಟ್ಟಿದ್ದು ಬೆಳಗಾವಿಯಂತೆ, ಕನ್ನಡದಲ್ಲೇ ಮಾತಾಡಿದರು.

"ಅಹೋ, ಇಷ್ಟು ಇಳಿಸೋರು ನಮ್ಮ ಪೂರಾ ಯಾದಿಯೊಳಗ ಯಾರೂ ಇಲ್ರಿ! ನಾನು ಬಂದು ನೋಡ್ತೀನಿ."

"ಬರ್ರಿ ಬರ್ರಿ ಮೇಡಂ! ಒಲಿ ನೋಡೀರಂತ, ಎತ್ತಿನ ಗಾಡಿ ನೋಡೀರಂತ."

"ಅದು ಮುಂದಿನದಲ್ರಿ? ನಾ ಮೊದಲ ಈಗಿಂದು ನೋಡಬೇಕು. ಎಡಗಡೆ ಖಾನೆದು. ಭಟ್ಟಿ, ಟೆಂಪೋ. ಅದನ್ನ ಅಳತಿ ಮಾಡೀನ ಮುಂದಿಂದು."

ಫೋನು ಇಟ್ಟೆ. ಸುಮಂಗಲಾ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದುರಿಗೇ ನಿಂತಿದ್ದಳು.

"ಏನ್ ನೋಡಾಕ ಬರತಾರಂತ?"

"ಹೊಗಿ."

"ಎಲ್ಲೈತಿ?"

"ತರತೇನಿ."

ಲೋಕದಲ್ಲಿ ಎಲ್ಲರೂ ಹೊಗೆ ಕಳೆದುಕೊಳ್ಳಲು ಓಡಾಡುತ್ತಿದ್ದಾರೆ. ನಾನು ಹೊಗೆಯನ್ನು ಬಾಡಿಗೆಗೆ ಹುಡುಕಿಕೊಂಡು ಮೋಟಾರ್ ಸೈಕಲ್ ಹತ್ತಿದೆ.

ದೊಡವಾಡದಲ್ಲಿ ಮದುವೆಯ ಅಡುಗೆ ಹಿಡಿಯುವವನೊಬ್ಬನ ಹತ್ತಿರ ಡೀಸೆಲ್ ಭಟ್ಟಿ ಇತ್ತು. ಹೆಚ್ಚು ತಕರಾರಿಲ್ಲದೆ ಕೊಟ್ಟ. ಟೆಂಪೋದವನು ಕಿತ್ತೂರಿನವನು. ಅವನದೇ ಪಜೀತಿ ಆಯಿತು.

"ಹೊಗಿ ಬಿಡತೈತೇನು?" ಎಂದು ಕೇಳಿದೆ.

ಅವನಿಗೆ ಸಿಟ್ಟು ಬಂತು. "ಬಿಡೂದಿಲ್ರಿ. ಮೊನ್ನೆರ ಇಂಜಿನ್ ಬಿಚ್ಚಿ ಮಾಡಿಸೇನಿ. ಅದರ ನೆವಾ ಹೇಳಿ ಬಾಡಿಗಿ ಇಳಸಾಕ ಬರಬ್ಯಾಡ್ರಿ."

"ಅಯ್ಯ, ಇಳಸೂದಲ್ಲೋ. ನನಗ ಹೊಗಿ ಬಿಡೂದ ಬೇಕು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಐದು ನಿಮಿಷ ಯೋಚಿಸಿ, ಮನೆಯ ಹಿಂದೆ ಇನ್ನೊಂದು ಟೆಂಪೋ ಇದೆ, ಅದು ಬೇಕಾದಷ್ಟು ಹೊಗೆ ಬಿಡುತ್ತದೆ, ಆದರೆ ಅದರ ಬಾಡಿಗೆ ಜಾಸ್ತಿ ಎಂದ. ನಾನು ಟವೆಲ್ ತೆಗೆದೆ. ಹದಿನೈದು ನಿಮಿಷ ಬೆರಳು ಹಿಂಡಿಕೊಂಡರೂ ಅವನು ಇಳಿಯಲಿಲ್ಲ. ಹೊಗೆ ಬೇಕೇ ಬೇಕು ಎಂದು ಮೊದಲೇ ಬಾಯಿಬಿಟ್ಟ ಗಿರಾಕಿಗೆ ಯಾರು ಇಳಿಸುತ್ತಾರೆ? ನನ್ನ ದಲಾಲಿ ಜೀವನದಲ್ಲಿ ಪೂರ್ತಿ ದರ ಕೊಟ್ಟು ತಂದ ಮೊದಲ ಮಾಲು ಆ ಹೊಗೆ.

ಎತ್ತಿನ ಗಾಡಿಗೆ ಸಂಪಗಾಂವದ ಫಕೀರಪ್ಪನಿಗೆ ಹೇಳಿದೆ. ಅವನು ಹಳೆಯ ಗೆಳೆಯ. ಅವನ ಎತ್ತು ನಾನೇ ಕೊಡಿಸಿದ್ದು. "ಭಾಳ ಸೌಮ್ಯ" ಎಂದು ನಾನೇ ಹೇಳಿ ಕೊಡಿಸಿದ್ದು. ಅದನ್ನೂ ನೆನಪಿಡಿ.

ಮೇಡಂ ಬರುವ ದಿನ ಹಿತ್ತಲ ಒಲೆಗಳಿಗೆಲ್ಲ ಗೋಣಿಚೀಲ ಹೊದಿಸಿ ಮುಚ್ಚಿಸಿದೆ. ಅಂಗಳದಲ್ಲಿ ಭಟ್ಟಿ ಸ್ಥಾಪನೆಯಾಯಿತು. ಅದು ಹತ್ತಿಕೊಂಡಾಗ ವಿಮಾನ ಓಣಿಗೇ ಇಳಿಯಿತೆಂದು ಮಾಸ್ತರರ ಮನೆಯವರು ಹೊರಗೆ ಬಂದರು. ಗಂಗವ್ವ ಮೂಗಿಗೆ ಸೆರಗು ಒತ್ತಿಕೊಂಡು ಮೊದಲ ರೊಟ್ಟಿ ಬೇಯಿಸಿದಳು. ನಡುವೆ ಕರಕಲು, ಅಂಚು ಹಸಿ.

"ಮಾಲಕ, ಒಂದ ರೊಟ್ಟ್ಯಾಗ ಅಮಾಸಿನೂ ಐತಿ, ಹುಣ್ಣಿವಿನೂ ಐತಿ ನೋಡ್ರಿ."

"ತಿನ್ನಾಕಲ್ಲವ್ವಾ, ತೋರಸಾಕ!"

"ತೋರಸಾಕರೆ ಮಾರಿ ಬ್ಯಾಡೇನ್ರಿ ಅದಕ್ಕ?"

ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ಕಾರಿಗಾಗಿ ಕಾಯುತ್ತಿದ್ದೆ. ಪುಣೆಯ ಕಂಪನಿ, ಉದ್ದನೆಯ ಕಾರು ಬರದೆ ಇರುತ್ತದೆಯೇ? ಅಷ್ಟರಲ್ಲಿ ಬಸ್‌ಸ್ಟ್ಯಾಂಡ್ ಕಡೆಯಿಂದ ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಎರಡೂ ಕೈಯಲ್ಲಿ ನಮ್ಮ ಖಾಲಿ ಬುಟ್ಟಿ ಹಿಡಿದುಕೊಂಡು ಬಂದಳು. ಸವದತ್ತಿಗೆ ಹೋದ ಬುಟ್ಟಿಗಳು ಮರುದಿನ ಬಸ್ಸಿನಲ್ಲೇ ವಾಪಸ್ಸು ಬರುತ್ತವೆ. ನಮ್ಮ ಓಣಿಯ ಕಡೆ ಬರುವವರು ಯಾರಾದರೂ ಸಿಕ್ಕರೆ ಕಂಡಕ್ಟರು ಅವರ ಕೈಗೇ ಕೊಟ್ಟುಬಿಡುತ್ತಾನೆ.

"ಈ ಬುಟ್ಟಿ ಎಲ್ಲಿ ಇಡಲಿ?" ಎಂದಳು ಹುಡುಗಿ.

"ಹಿತ್ತಲಾಗ ಇಡವಾ. ಲಗೂ ದಾರಿ ಬಿಡು, ದೊಡ್ಡ ಮಂದಿ ಕಾರು ಬರೂದೈತಿ."

ಆಕೆ ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತು ಅಲ್ಲೇ ಇದ್ದು ತಿರುಗಿ ಬಂದಳು.

"ಇಟ್ಟೆ. ಆ ಗೋಣಿಚೀಲದ ಕೆಳಗ ಏನ್ರಿ?"

"ಹಳೀ ಸಾಮಾನವ್ವ. ನೀ ಹೋಗ ಇನ್ನ."

"ನಾನು ಮೃಣಾಲ್. ಪುಣೆಯಿಂದ."

ನೆಲ ಬಿರಿಯಲಿಲ್ಲ. ಅದಕ್ಕೂ ಆ ದಿನ ನನ್ನ ಮೇಲೆ ಕರುಣೆ ಇರಲಿಲ್ಲ.

"ಕಾರು?" ಎಂದೆ ತೊದಲುತ್ತ.

"ಕಾರ್ಬನ್ ಅಳೆಯೋಕೆ ಕಾರಿನಾಗ ಬರೋದು ಹೆಂಗ್ರಿ? ನಿನ್ನೆ ಸವದತ್ತಿಯೊಳಗ ಒಂದು ಉಪ್ಪಿನಕಾಯಿ ಯುನಿಟ್ ನೋಡಿದೆ. ಇವತ್ತು ಬಸ್ಸಿಗೆ ಬಂದೆ. ತೋರಸ್ರಿ ನಿಮ್ಮ ಭಟ್ಟಿ."

ತೋರಿಸಿದೆ. ಭಟ್ಟಿ ನನ್ನ ಮಾತು ಕೇಳಿ ಇನ್ನಷ್ಟು ಗರ್ಜಿಸಿತು. ಹೆಣ್ಣುಮಕ್ಕಳು ಸಾಲಾಗಿ ಕೆಮ್ಮಿದರು. ಟೆಂಪೋ ಚಾಲೂ ಮಾಡಿಸಿದೆ. ಕೊಟ್ಟ ಬಾಡಿಗೆಗೆ ಒಂದಿಷ್ಟೂ ಮೋಸವಿಲ್ಲ, ಓಣಿಯೇ ಮಾಯವಾಯಿತು! ಆ ಕಪ್ಪಿನಲ್ಲಿ ಮೇಡಮ್ಮರ ಟ್ಯಾಬು ಮಾತ್ರ ಮಿಣಿಮಿಣಿ ಬೆಳಗುತ್ತಿತ್ತು. "ಇದು ನಮ್ಮ ಹಿಂದಿನ ಅಜ್ಞಾನದ ಸ್ಥಿತಿ" ಎಂದು ಭಾಷಣ ಶುರು ಮಾಡಿದೆ. "ಇನ್ನು ತಾವು ನಮ್ಮ ಉಜ್ವಲ ಭವಿಷ್ಯವನ್ನು ನೋಡಬೇಕು!" ಎಂದು ಮೂಲೆಯತ್ತ ಕೈ ಬೀಸಿದೆ.

ಮೂಲೆಯಿಂದ ಭವಿಷ್ಯ ಬಂತು. ಫಕೀರಪ್ಪ ರುಮಾಲು ಸುತ್ತಿಕೊಂಡು, ಎತ್ತಿನ ಕೋಡಿಗೆ ಗೊಂಡೆ ಕಟ್ಟಿಕೊಂಡು, ಹನ್ನೆರಡು ಬುಟ್ಟಿ ಒಳ್ಳೆಯ ರೊಟ್ಟಿ ಹೇರಿಕೊಂಡು ಗಂಭೀರವಾಗಿ ಬರುತ್ತಿದ್ದ. ಅದೇ ಹೊತ್ತಿಗೆ ಟೆಂಪೋ ಢಂ ಎಂದಿತು.

ಭಾಳ ಸೌಮ್ಯವಾದ ಎತ್ತುಗಳು ಬಾಲ ಎತ್ತಿಕೊಂಡು ಓಡಿದವು.

ಫಕೀರಪ್ಪ "ಹೋ ಹೋ" ಎನ್ನುತ್ತ ಎರಡು ಸಲ ನಮ್ಮ ಮುಂದೆಯೇ ಹಾದುಹೋದ. ಗಾಡಿ ಗಟಾರದಲ್ಲಿ ಇಳಿದು, ಕಲ್ಲು ಹತ್ತಿ, ಮತ್ತೆ ಗಟಾರದಲ್ಲಿ ಇಳಿದು ನಿಂತಿತು. ಖಡಕ್ ರೊಟ್ಟಿಯ ಗುಣ ನಿಮಗೆ ಗೊತ್ತು. ಅದು ಬಾಗುವುದಿಲ್ಲ. ಗಂಗವ್ವ ಬುಟ್ಟಿಯ ಬಟ್ಟೆ ಎತ್ತಿ ಒಳಗೆ ನೋಡಿ, "ಮಾಲಕ, ಇದನ್ನ ಇನ್ನ ಚಮಚಾ ಹಚ್ಚಿ ತಿನ್ನಬೇಕ್ರಿ" ಎಂದಳು.

ಮೇಡಂ ಟ್ಯಾಬಿನಲ್ಲಿ ಬೆರಳಾಡಿಸಿ, "ನೀವು ಬರೆದಂಗ ಹಿಡಿದ್ರ ನಿಮ್ಮ ಎಡಗಡೆ ವರ್ಷಕ್ಕ ಹದಿನೆಂಟು ಟನ್ ಬರ್ತದ. ಬಲಗಡೆ ಎರಡು" ಎಂದರು.

ಅಂಕಿ ಕಿವಿಗೆ ಬಿದ್ದದ್ದೇ ತಡ, ನನ್ನ ಮೈಯಲ್ಲಿ ಹಳೆಯ ದಲಾಲಿ ಎದ್ದು ಕೂತ.

"ಹದಿನೆಂಟು ಭಾಳ ಕಮ್ಮಿ ಆತ್ರಿ. ಈ ಹೊಗಿ ನೋಡಿದ್ರಿಲ್ಲ? ಇಪ್ಪತ್ತೈದು ಹಾಕ್ರಿ. ಬಲಗಡೆ ಒಂದಕ್ಕ ಮುಗಸ್ರಿ."

"ಅಹೋ, ಇದು ಬೆಲಿ ಅಲ್ರಿ. ಲೆಕ್ಕ."

"ಬರಲಿ, ಇಪ್ಪತ್ತನಾಕು. ನಿಮ್ಮದೂ ಬ್ಯಾಡ ನನ್ನದೂ ಬ್ಯಾಡ." ಮಂದಿಯ ಮುಂದೆ ಮಾತಾಡಲು ಸಂಕೋಚವೇನೋ ಎಂದು ನಾನು ಕೈ ಮುಂದೆ ಚಾಚಿ ಅದರ ಮೇಲೆ ಟವೆಲ್ ಹರಡಿದೆ.

"ಇದೇನು?" ಎಂದರು ಮೇಡಂ.

"ಶಿವನ ಶಿವನ!" ಎಂದು ಸುಮಂಗಲಾ ಹಣೆ ಹಿಡಿದುಕೊಂಡಳು. ಮಾಸ್ತರು ಮುಂದೆ ಬಂದು, ಮಕ್ಕಳಿಗೆ ಪಾಠ ಹೇಳುವಂತೆ, ದನದ ಸಂತೆಯ ಆ ಪದ್ಧತಿಯನ್ನು ಸವಿವರವಾಗಿ ತಿಳಿಸಿಕೊಟ್ಟರು. ಮೇಡಂ ತಲೆದೂಗುತ್ತ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಮಲ್ಲಣ್ಣ ಅವರೇ, ಒಂದು ಕೇಳಲಿ? ಮೂರೂ ಊರಿಗೆ ನಿಮ್ಮ ಟೆಂಪೋ ಹೋಗ್ತದ. ಹೌದಲ್ರಿ?"

"ಹೌದ್ರಿ. ಬರೂ ಮುಂದ ಖಾಲಿ."

"ಮತ್ತ ನಿಮ್ಮ ಬುಟ್ಟಿ ಯಾಕ ನನ್ನ ಜೋಡಿ ಬಸ್ಸಿನಾಗ ಬಂದುವು?"

ಭಟ್ಟಿ ಒಂದೇ ಮಾತಾಡುತ್ತಿತ್ತು. ಸುಮಂಗಲಾ ಹೋಗಿ ಅದರ ಬಾಯಿಯನ್ನೂ ಮುಚ್ಚಿಸಿದಳು.

"ಫಾರ್ಮು ಸುಳ್ಳದ. ನಾ ಹಂಗ ಬರೀಬೇಕಾಗ್ತದ" ಎಂದರು ಮೇಡಂ. ದನಿ ಏರಿಸಲಿಲ್ಲ, ಬೇಸರದಿಂದ ಹೇಳಿದರು.

ಗಂಗವ್ವ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಎದ್ದು ನಿಂತಳು. ಆಕೆ ನನ್ನನ್ನು ಏನೂ ಕೇಳಲಿಲ್ಲ. ಸುಮಂಗಲಾಳನ್ನು ಕೇಳಿದಳು. "ಅಂದ್ರ ಅಕ್ಕಾರ, ಮಳಿಗಾಲದಾಗ ನಾ ಮಗಳ ಮನಿಗೆ ಹೇಳಿ ಕಳಸ್ಲೇನ್ರಿ?"

ನನ್ನ ಚಾಚಿದ ಕೈಯ ಮೇಲೆ ಟವೆಲ್ ಇನ್ನೂ ಹಾಗೇ ಇತ್ತು. ಅದನ್ನು ಮಡಚಿ ಹೆಗಲಿಗೆ ಹಾಕಿಕೊಂಡೆ.

ಸುಮಂಗಲಾ "ಮೇಡಂ, ಏನರ ಬರಕೋರಿ. ಆದ್ರ ಉಂಡು ಹೋಗ್ರಿ. ನಮ್ಮ ರೊಟ್ಟಿ ಬಾಯಾಗ ಹಾಕ್ದ ನಮ್ಮ ಹೆಸರು ಕೆಡಸಬ್ಯಾಡ್ರಿ" ಎಂದಳು. ಮಾಸ್ತರರನ್ನೂ ಕರೆದಳು. ನನ್ನನ್ನು ಯಾರೂ ಕರೆಯಲಿಲ್ಲ. ನಾನಾಗಿಯೇ ಹೋದೆ.

ಹಿತ್ತಲಲ್ಲಿ ಗೋಣಿಚೀಲ ತೆಗೆದರು. ಒಂದು ಹಿಡಿ ಹತ್ತಿಕಟ್ಟಿಗೆಗೆ ಒಲೆ ಹತ್ತಿತು. ಗಂಗವ್ವ ಕಾಲು ಚಾಚಿ ಕೂತು ಬಡಿಯತೊಡಗಿದಳು. ಹಂಚಿನಿಂದ ಇಳಿದ ರೊಟ್ಟಿಯನ್ನು ಒಲೆಯ ಸುತ್ತ ನಿಲ್ಲಿಸುತ್ತ ಹೋದರು. ಪೂಜೆಗೆ ದೀಪ ಇಟ್ಟಂತೆ ಒಂದು ಸುತ್ತು.

"ಇವನ್ನ ಯಾಕ ಹಿಂಗ ನಿಲ್ಲಸ್ತೀರಿ?"

"ಖಡಕ್ ಆಗಬೇಕಲ್ರಿ. ಅದಕ್ಕ ಬ್ಯಾರೆ ಬೆಂಕಿ ಯಾಕ? ಒಲಿ ಮೈಯಾಗ ಕಾವು ಇದ್ದ ಇರತೈತಿ. ಅದು ಸುಮ್ನ ಯಾಕ ಹೋಗಬೇಕ್ರಿ?" ಎಂದಳು ಸುಮಂಗಲಾ. ಬೆಂಡು ಎಲ್ಲಿಂದ ಬರುತ್ತದೆ, ಹಾಲಿನ ಗಾಡಿ ಖಾಲಿ ಹೋಗುವಾಗ ಬುಟ್ಟಿ ಹೇಗೆ ಹೋಗುತ್ತದೆ, ಬೂದಿ ಪಾತ್ರೆ ತಿಕ್ಕಲು ಹೇಗೆ ಬರುತ್ತದೆ ಎಂಬುದನ್ನೆಲ್ಲ, ಬಚ್ಚಿಡಬೇಕಾದದ್ದೇನೂ ಅಲ್ಲ ಎಂಬಂತೆ ಹೇಳಿಬಿಟ್ಟಳು!

ಮೇಡಂ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿಯನ್ನು ಬಾಯಿಯ ಹತ್ತಿರ ಹಿಡಿದವರು ಹಾಗೇ ಕೂತರು. "ನಮ್ಮ ಪುಣೆ ಕಾರ್ಖಾನೆಯೊಳಗ ಹೊರಗ ಹೋಗೋ ಬಿಸಿ ತಿರುಗಿ ಹಿಡೀಲಿಕ್ಕೆ ಮಷೀನು ಕೂಡಸ್ಲಿಕ್ಕೆ ಹತ್ಯಾರ. ಖಾಲಿ ಲಾರಿ ತಿರುಗಬಾರದು ಅಂತ ತಿಂಗಳಿಗೊಂದು ಮೀಟಿಂಗು. ನೀವು ಇದನ್ನ ಗೋಣಿಚೀಲ ಹಾಕಿ ಮುಚ್ಚಿಟ್ಟೀರಿ?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ಚಟ್ನಿಯ ಕಡೆ ನೋಡಿದೆ.

"ಹೊಸಾ ಫಾರ್ಮು ಬರಿಯೋಣ" ಎಂದರು ಮೇಡಂ. ಗಂಗವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಆದರೆ ಟ್ಯಾಬಿನಲ್ಲಿ ಬೆರಳಾಡಿಸಿದ ಮೇಡಂ ತಾವೇ ಸಪ್ಪಗಾದರು. "ಒಂದು ಅಡಚಣಿ ಅದ. ಬಲಗಡೆ ಅಂಕಿ ಎಡಗಡಿಗಿಂತ ಇಳೀದಿದ್ರ ಇದು ಫಾರ್ಮು ತಗೊಳ್ಳೋದೇ ಇಲ್ಲ. ನಿಮ್ಮಲ್ಲಿ ಇಳಸ್ಲಿಕ್ಕೆ ಏನೂ ಇಲ್ಲಲ್ರಿ!"

ಆಹಾ! ನಾನು ಎದ್ದು ನಿಂತೆ. "ನಾ ಹೇಳಿದ್ದಿಲ್ಲ? ಇಳಸ್ಬೇಕಂದ್ರ ಮೊದಲ ಏರಸಬೇಕಂತ! ಏನ್ ಮಾಸ್ತರ, ಹೇಳಿದ್ನಿಲ್ಲೋ? ಈಗ ತಿಳೀತಿಲ್ಲೋ ನನ್ನ ಬೆಲಿ?" ಎರಡು ನಿಮಿಷ ನಾನು ಆ ಚಪ್ಪರದ ಕೆಳಗೆ ಮಹಾ ಜ್ಞಾನಿಯಾಗಿದ್ದೆ. ಆ ಎರಡು ನಿಮಿಷದ ಸುಖವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

"ಇಳಸಾಕ ಒಂದ ಐತ್ರಿ" ಎಂದಳು ಸುಮಂಗಲಾ.

"ಏನು?"

ಆಕೆ ಹಿಟ್ಟಿನ ಕೈಯನ್ನೇ ಎತ್ತಿ ಬಾಗಿಲ ಕಡೆ ತೋರಿಸಿದಳು. ಬಾಗಿಲಾಚೆ ನನ್ನ ಮೋಟಾರ್ ಸೈಕಲ್ ನಿಂತಿತ್ತು.

"ಮಾಸ್ತರ, ಬರಕೋರಿ. ರಾಮದುರ್ಗ, ವಾರಕ್ಕ ಮೂರ ಸಲ. ಶೇಂಗಾದ ದರಾ ಕೇಳಾಕ. ಕೇಳಾಕ ಮಾತ್ರ, ತರೂದು ಮತ್ತ ಬಸ್ಸಿನ್ಯಾಗ. ಸವದತ್ತಿ, ದಿನಾ. ಬಸ್ಸಿನ ಬೆನ್ನ ಹತ್ತಿ."

"ಬಸ್ಸಿನ್ಯಾಗ ಹೋಗೋ ಬುಟ್ಟಿ ಹಿಂದ ಗಾಡಿ ಮ್ಯಾಲೆ ಹೋಗ್ತಾರ?" ಮೇಡಮ್ಮರಿಗೆ ನಂಬಿಕೆಯಾಗಲಿಲ್ಲ.

"ಬುಟ್ಟಿ ಮ್ಯಾಲೆ ಯಾರರ ಕುಂತಾರಂತ್ರಿ. ಇನ್ನ ಕಿತ್ತೂರು. ಹಾಲಿನ ಗಾಡಿ ಮುಟ್ಟಿತೋ ಇಲ್ಲೋ ನೋಡಾಕ."

"ಫೋನು ಇಲ್ಲೇನ್ರಿ?"

"ಐತ್ರಿ. ಅಲ್ಲಿ ಹೋಗಿ, ಮುಟ್ಟೇತಿ ಅಂತ ಫೋನ್ ಮಾಡತಾರ."

"ಮೊನ್ನಿ ದೊಡವಾಡ, ಕಿತ್ತೂರು, ಸಂಪಗಾಂವ. ಹೊಗಿ ತರಾಕ ಹೋಗಿದ್ದು" ಎಂದು ಗಂಗವ್ವ ಒಲೆ ಮುಂದಿನಿಂದ ನೆನಪು ಮಾಡಿದಳು.

"ಅದನ್ನೂ ಹಿಡೀರಿ" ಎಂದರು ಮೇಡಂ.

ಮಾಸ್ತರು ಹೇಳುತ್ತ ಹೋದರು, ಮೇಡಂ ಒತ್ತುತ್ತ ಹೋದರು. ಎಡಗಡೆಯ ಖಾನೆ ಹಬ್ಬದ ಬುಟ್ಟಿಯಂತೆ ತುಂಬಿತು. ಆರು ಒಲೆ, ಹಾಲಿನ ಗಾಡಿ, ಬಸ್ಸಿನ ಬುಟ್ಟಿ ಎಲ್ಲವನ್ನೂ ಒಂದು ತಕ್ಕಡಿಗೆ ಹಾಕಿದರೂ ನನಗೆ ಸಮ ಬರಲಿಲ್ಲ. ನಮ್ಮ ಕಾರ್ಖಾನೆಯ ಹೊಗೆ ಎಂದರೆ ನಾನೇ!

"ಮಸ್ತ್!" ಎಂದರು ಮೇಡಂ. "ಇನ್ನ ಬಲಗಡೆ. ವಾರಕ್ಕ ಎಷ್ಟು ಸಲ ಬಿಡೋಣ ಇವರನ್ನ?"

"ಹತ್ತ ಸಲ ಇರಲಿ. ಆಡಳಿತ ನಡೀಬೇಕು" ಎಂದೆ.

"ಸೊನ್ನಿ ಹಾಕ್ರಿ" ಎಂದಳು ಸುಮಂಗಲಾ.

"ಎಂಟು!"

ಮೇಡಂ ನನ್ನ ಮುಖ ನೋಡಿದರು. ಹೆಗಲು ನೋಡಿದರು. ಕೈ ಚಾಚಿ ನನ್ನ ಟವೆಲ್ಲನ್ನು ಮೆಲ್ಲಗೆ ಎಳೆದುಕೊಂಡರು. ಸುಮಂಗಲಾಳ ಹಿಟ್ಟಿನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಮೇಲೆ ಟವೆಲ್ ಹೊದಿಸಿದರು. ಮಾಸ್ತರ ಪಾಠ ಅಷ್ಟು ಬೇಗ ತಲೆಗೆ ಹತ್ತಿದ ವಿದ್ಯಾರ್ಥಿನಿ ಅವರಿಗೂ ಸಿಕ್ಕಿರಲಿಕ್ಕಿಲ್ಲ.

ಟವೆಲ್ಲಿನ ಕೆಳಗೆ ಏನೋ ಅಲುಗಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮತ್ತೆ ಅಲುಗಿತು. ಸುಮಂಗಲಾ ತಲೆ ಅಡ್ಡ ಹಾಕಿದಳು. ಮೇಡಂ ಹುಬ್ಬು ಏರಿಸಿದರು. ನಾನು ಬಗ್ಗಿ ನೋಡಿದೆ, ಕತ್ತು ಚಾಚಿ ನೋಡಿದೆ. ನನ್ನದೇ ಟವೆಲ್ಲು, ನನ್ನದೇ ವಿದ್ಯೆ, ಮಾರಾಟವಾಗುತ್ತಿರುವುದು ನಾನೇ, ಬೆಲೆ ಮಾತ್ರ ನನಗೆ ಕಾಣುತ್ತಿಲ್ಲ! ನಾನು ಮಾರಿದ ಎತ್ತುಗಳೆಲ್ಲ ಎದುರು ನಿಂತು ನೋಡುತ್ತಿದ್ದಂತೆ ಅನ್ನಿಸಿತು.

ಕೊನೆಗೆ ಇಬ್ಬರೂ ಒಟ್ಟಿಗೆ ನಕ್ಕರು. ಟವೆಲ್ ತೆಗೆದರು.

"ಎಷ್ಟಕ್ಕ ಆತು?" ಎಂದೆ.

"ಆಗೂದಾತು. ಉಣ್ಣಾಕ ಕುಂದರ್ರಿ" ಎಂದಳು ಸುಮಂಗಲಾ.

ಆರ್ಡರು ಬಂತು. ಈಗ ಹೊರಗೆ ಮೂರು ದಿನದಿಂದ ಜಿಟಿಜಿಟಿ ಮಳೆ, ಹಿತ್ತಲಲ್ಲಿ ಆರೂ ಒಲೆ ಬಿಸಿ ಇವೆ. ಗಂಗವ್ವ ಕಾಲು ಚಾಚಿ ಕೂತು ಬಡಿಯುವ ಸದ್ದು ಬರೆಯುವಾಗಲೂ ಕೇಳಿಸುತ್ತಿದೆ. ಒಡೆದ ಹನ್ನೆರಡು ಬುಟ್ಟಿ ರೊಟ್ಟಿಗೆ ಒಗ್ಗರಣೆ ಕೊಟ್ಟು ಇ‌ಡೀ ಓಣಿ ಎಂಟು ದಿನ ತಿಂದಿತು, ಫಕೀರಪ್ಪನ ಸೌಮ್ಯ ಎತ್ತುಗಳಿಗೂ ಪಾಲು ಹೋಯಿತು. ಕಂಪನಿಯ ಕಾಗದದಲ್ಲಿ ನಮ್ಮ ಬಗ್ಗೆ ಒಂದು ಸಾಲು ಹೊಗಳಿಕೆಯೂ ಇತ್ತು. ಈ ಘಟಕವು ತನ್ನ ಹೊಗೆಯ ಮುಖ್ಯ ಮೂಲವನ್ನು ಸರಿಯಾಗಿ ಗುರುತಿಸಿ, ಮನೆಯಲ್ಲಿ ಕೂರಿಸಿದೆಯಂತೆ. ಮಾಸ್ತರು ಅದನ್ನು ಮೂರು ಸಲ ಗಟ್ಟಿಯಾಗಿ ಓದಿದರು. ಒಂದು ಸಲ ಸಾಕಿತ್ತು.

ಮೋಟಾರ್ ಸೈಕಲ್ಲಿನ ಕೀಲಿ ಈಗ ಸುಮಂಗಲಾಳ ಸೊಂಟದಲ್ಲಿದೆ. ಆ ದಿನ ಟವೆಲ್ಲಿನ ಕೆಳಗೆ ಎಷ್ಟು ಬೆರಳಿಗೆ ಮುಗಿಯಿತು ಎಂಬುದು ಮರುದಿನ ಕೀಲಿ ಕೇಳಿದಾಗ ತಿಳಿಯಿತು. ಒಂದು! ಆಕೆ ಅದನ್ನೂ ಬಾಯಿಬಿಟ್ಟು ಹೇಳಲಿಲ್ಲ, ಬೆರಳು ಎತ್ತಿ ತೋರಿಸಿದಳು. ವಾರಕ್ಕೆ ಒಂದೇ ಸಲ.

ಆದ್ದರಿಂದ ಆಹಾರ ಉದ್ಯಮಿಗಳಲ್ಲಿ ನನ್ನ ಕಳಕಳಿಯ ವಿನಂತಿ. ಸಲಹೆ ಬೇಕಾದರೆ ಬನ್ನಿ ಎಂದು ಮೊದಲೇ ಹೇಳಿದ್ದೇನೆ, ಈಗಲೂ ಅದೇ ಹೇಳುತ್ತೇನೆ. ಬರುವಾಗ ದಯಮಾಡಿ ಬಸ್ಸಿಗೆ ಬನ್ನಿ, ಸವದತ್ತಿಯಿಂದಾದರೆ ಖಾಲಿ ಬುಟ್ಟಿಗಳನ್ನೂ ತನ್ನಿ. ನಾನೇ ನಿಮ್ಮಲ್ಲಿಗೆ ಬರುತ್ತಿದ್ದೆ, ಆದರೆ ಏನು ಮಾಡಲಿ? ಈ ವಾರದ ನನ್ನ ಬೆರಳು ಸೋಮವಾರವೇ ಮುಗಿದಿದೆ!